ಸೂಪಿನೊಳಗಿನ ಬಿಳಿ ಪುಡಿ

ಎರಡು ಚಮಚಗಳ ನಡುವೆ ಏನನ್ನೋ ಇಟ್ಟು ತಮ್ಮನ ಹೆಂಡತಿ ಒತ್ತಿ ಒತ್ತಿ ಅರೆಯುತ್ತಿದ್ದಳು. ಬಿಳಿ ಪುಡಿ. ಅದನ್ನು ಗಂಡನ ಸೂಪಿನ ಬಟ್ಟಲಿಗೆ ಸುರಿದಳು, ಕಲಕಿದಳು, ಚಮಚಗಳನ್ನು ತೊಳೆದು ಕೈ ಒರೆಸಿಕೊಂಡಳು. ಅಡುಗೆಮನೆಯ ಬಾಗಿಲ ಸಂದಿಯಿಂದ ಅಕ್ಕ ಎಲ್ಲವನ್ನೂ ಕಣ್ಣಾರೆ ಕಂಡಳು.

ಅಕ್ಕ ಹೆಂಗಸರ ಜೈಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಗಂಡಂದಿರ ಊಟಕ್ಕೆ ಏನೇನೋ ಬೆರೆಸಿ ಒಳಗೆ ಬಂದವರನ್ನು ಬೇಕಾದಷ್ಟು ನೋಡಿದ್ದಳು. ಅವರೆಲ್ಲ ನೋಡಲು ಬಲು ಸಾಧುಗಳು; ಈ ಮಹಾರಾಯ್ತಿಯೂ ಹಾಗೆಯೇ. ತಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದಿದ್ದ ಅಕ್ಕ ಆಮೇಲೆ ಹೊರಡುವ ಮಾತೇ ಎತ್ತಲಿಲ್ಲ.

ಮನೆಯ ಮುಂಭಾಗದಲ್ಲಿ ಎರಡು ಅಂಗಡಿ. ಒಂದರಲ್ಲಿ ತಮ್ಮನ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಹೆಂಡತಿಯ ಬೇಕರಿ. ಊರವರ ಸೊಂಟವನ್ನೆಲ್ಲ ಅಳೆಯುವ ದರ್ಜಿ ಒಂದು ದಿನ ಟೇಪನ್ನು ತನಗೇ ಸುತ್ತಿಕೊಂಡು ಗಾಬರಿಯಾಗಿದ್ದ. ಅಂದಿನಿಂದ ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಸಕ್ಕರೆ ಎಲ್ಲಕ್ಕೂ ರಾಜೀನಾಮೆ. ಮೊಟ್ಟೆ, ಮೀನು, ಸೊಪ್ಪಿನ ಸೂಪು, ಒಂದು ಹಿಡಿ ಬಾದಾಮಿ. ಮೊದಲ ವಾರ ತಲೆನೋವು, ಸಿಡಿಮಿಡಿ. ಆಮೇಲೆ ತನ್ನ ಪ್ಯಾಂಟನ್ನೇ ಬಿಚ್ಚಿ ಚಿಕ್ಕದು ಮಾಡಿ ಹೊಲಿದುಕೊಂಡು, ಬಂದ ಗಿರಾಕಿಗಳಿಗೆಲ್ಲ ತೋರಿಸಿದ. ಹಟ ಹಿಡಿದರೆ ಹಿಡಿದಂತೆಯೇ. ಹಿಂದೆ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗಲೂ ಮಾತ್ರೆಗಳನ್ನು ಕಸದ ಬುಟ್ಟಿಗೆಸೆದು, ಬೆಳಗಿನ ನಡಿಗೆಯಿಂದಲೇ ಅದನ್ನು ಓಡಿಸಿದೆ ಎಂದು ಬೀಗಿದ್ದ. ರಕ್ತಪರೀಕ್ಷೆಯೂ ಅವನ ಮಾತಿಗೆ ಹೂಂಗುಟ್ಟಿತ್ತು.

ಹೆಂಡತಿಗೆ ಮಾತ್ರ ಈ ಹೊಸ ವ್ರತ ಹಿಡಿಸಲಿಲ್ಲ. ಬ್ರೆಡ್ಡು ಬಿಟ್ಟೆ ಎಂದ ದಿನ ಅವಳ ಮುಖ ಬಿಳುಚಿಕೊಂಡಿತ್ತಂತೆ. ಈಗಲೂ ಬೆಳಗಾದರೆ ತಟ್ಟೆ ಹಿಡಿದು ಬೆನ್ನು ಬೀಳುತ್ತಿದ್ದಳು.

“ಒಂದೇ ಒಂದು ತುಂಡು ತಿನ್ರೀ. ನಾನೇ ಬೆಣ್ಣೆ ಹಚ್ಚಿ ಕೊಡ್ತೀನಿ.”

ಅವನು ತಟ್ಟೆ ಸರಿಸಿದರೆ ಒಲೆಯ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇಕರಿಯವಳ ಗಂಡನೇ ಬ್ರೆಡ್ಡು ಕೆಟ್ಟದ್ದೆಂದು ಸಾರುತ್ತಾ ಕೂತರೆ ಅಂಗಡಿಗೆ ಯಾರು ಬರುತ್ತಾರೆ? ಅಕ್ಕನಿಗೆ ಕಾರಣ ಸಿಕ್ಕಿತು. ಹಿಟ್ಟಿನ ಮೂಟೆಗಳ ಹಿಂದೆ ಇಲಿ ಪಾಷಾಣದ ಡಬ್ಬಿಯೂ ಸಿಕ್ಕಿತು.

ತಮ್ಮ ದಿನೇ ದಿನೇ ಸೊರಗುತ್ತಿದ್ದ. ಮಧ್ಯಾಹ್ನದ ಸೂಪು ಕುಡಿದು ಯಂತ್ರದ ಮುಂದೆ ಕೂತರೆ ಅಂಗಿ ಒದ್ದೆಯಾಗುವಷ್ಟು ಬೆವರು, ಕೈ ನಡುಕ. ಅಕ್ಕ ಅವನ ಪಕ್ಕಕ್ಕೆ ಬಂದು ಕೂತಳು. ಹಾಲು ಕುಡಿಯುವ ವಯಸ್ಸಿನಿಂದ ಎತ್ತಿ ಆಡಿಸಿದ ತಮ್ಮ ಅವನು.

“ಅವಳು ಕೊಟ್ಟಿದ್ದನ್ನ ಕುಡೀಬೇಡ ಕಣೋ,” ಎಂದಳು ಮೆಲ್ಲಗೆ.

“ನಿನ್ನ ಜೈಲು ಬುದ್ಧಿ ಇಲ್ಲಿ ಬೇಡ ಅಕ್ಕ. ಶುರುಶುರುವಿನಲ್ಲಿ ಹೀಗೇ ಆಗುತ್ತೆ. ಮೈ ಒಗ್ಗಿಕೊಳ್ಬೇಕಲ್ಲ.”

ಹಾಗೆನ್ನುತ್ತ ಸೂಜಿಗೆ ದಾರ ಪೋಣಿಸಲು ಹೋದವನಿಗೆ ಎಷ್ಟು ಹೊತ್ತಾದರೂ ಕಣ್ಣು ಸಿಗಲಿಲ್ಲ. ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತ ಹೆಂಡತಿ ಆ ಕೈಯನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿ ಭಯ ಎದ್ದು ಕಾಣುತ್ತಿತ್ತು. ಸಿಕ್ಕಿಬೀಳುವ ಭಯ ಎಂದುಕೊಂಡಳು ಅಕ್ಕ.

ಮರುದಿನ ಚಮಚದಲ್ಲಿ ಪುಡಿ ಮೊದಲಿಗಿಂತ ಹೆಚ್ಚಿತ್ತು. ಅಕ್ಕ ಮುನ್ನುಗ್ಗಿ ಬಟ್ಟಲು ಕಸಿಯಬಹುದಿತ್ತು. ಕಸಿಯಲಿಲ್ಲ. ಬರೀ ಮಾತು ತಮ್ಮನ ಕಿವಿಗೆ ಹೋಗುವುದಿಲ್ಲ, ಮಾಲು ಸಮೇತ ಹಿಡಿಯಬೇಕು ಎಂದುಕೊಂಡು, ಬಟ್ಟಲು ಆಚೆ ಹೋಗುವುದನ್ನೇ ಕಾದು ತೊಳೆಯದ ಚಮಚವನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು. ಅದನ್ನು ಎಲ್ಲಿಗೆ ಒಯ್ಯಬೇಕೆಂದು ಯೋಚಿಸುತ್ತಿರುವಾಗಲೇ ಅಂಗಡಿಯಿಂದ ದೊಪ್ಪೆಂದು ಸದ್ದು ಕೇಳಿತು.

ತಮ್ಮ ಅರೆಹೊಲಿದ ಕೋಟಿನ ಮೇಲೆ ಬಿದ್ದಿದ್ದ. ಕರೆದರೆ ಓಗೊಡಲಿಲ್ಲ.

ರಸ್ತೆಯ ಕೊನೆಯ ಆಸ್ಪತ್ರೆಗೆ ಅವನನ್ನು ಹೊತ್ತು ತಂದರು. ಹಿಂದೆ ಸಕ್ಕರೆ ಕಾಯಿಲೆ ಎಂದಿದ್ದ ಡಾಕ್ಟರೇ ಇದ್ದರು. ಬೆರಳು ಚುಚ್ಚಿ ರಕ್ತ ನೋಡಿದವರೇ ಓಡಾಡಿ, ನರಕ್ಕೆ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ರೆಪ್ಪೆ ಅಲುಗಿತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

ಡಾಕ್ಟರು ಬೆವರೊರೆಸಿಕೊಂಡರು. “ಇನ್ನೊಂದು ಸ್ವಲ್ಪ ತಡವಾಗಿದ್ರೆ ಉಳೀತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿದೆ. ಬ್ರೆಡ್ಡು ಬಿಟ್ಟರೆ ಇಳಿಯುತ್ತೆ, ಒಳ್ಳೇದೇ. ಆದ್ರೆ ತಾನಾಗೇ ಇಷ್ಟು ಇಳಿಯಲ್ಲ. ಇವರಿಗೆ ಏನು ಕೊಟ್ರಿ?”

ಅಕ್ಕ ಕರವಸ್ತ್ರ ಬಿಚ್ಚಿ ಚಮಚವನ್ನು ಮೇಜಿನ ಮೇಲಿಟ್ಟಳು. ಬೆರಳು ಮಾಡಿ ತೋರಿಸಿದಳು. ಇಷ್ಟು ದಿನ ನೋಡಿದ್ದನ್ನೆಲ್ಲ, ಪಾಷಾಣದ ಡಬ್ಬಿಯನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದಳು. ತಮ್ಮನ ಹೆಂಡತಿ ಅಲ್ಲಗಳೆಯಲಿಲ್ಲ. ಅವಳು ಅಕ್ಕನ ಕಡೆ ನೋಡಲೂ ಇಲ್ಲ. ಡಾಕ್ಟರ ಮಾತೂ ಕಿವಿಗೆ ಬೀಳದಂತೆ ಗಂಡನ ಪಾದ ಉಜ್ಜುತ್ತಿದ್ದವಳು ಎದ್ದು, ಪರ್ಸಿನಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ತೆಗೆದು ಡಾಕ್ಟರ ಕೈಗಿತ್ತಳು.

“ಸಕ್ಕರೆ ಕಾಯಿಲೆಗೆ ನೀವೇ ಬರೆದುಕೊಟ್ಟಿದ್ದು ಡಾಕ್ಟ್ರೇ. ನುಂಗಲ್ಲ ಅಂತ ಎಸೆದ್ರು, ಅದಕ್ಕೆ ಇಷ್ಟು ವರ್ಷ ಬೆಣ್ಣೇಲಿ ಕಲಸಿ ಬ್ರೆಡ್ಡಿಗೆ ಹಚ್ತಿದ್ದೆ. ಬ್ರೆಡ್ಡು ಬಿಟ್ಮೇಲೆ ಸೂಪಿಗೆ ಹಾಕ್ದೆ. ಬೆವರು, ನಡುಕ ನೋಡಿ ಸಕ್ಕರೆ ಏರ್ತಿದೆ ಅಂದ್ಕೊಂಡು ಎರಡೆರಡು ಹಾಕ್ದೆ.” ಅವಳು ಮತ್ತೆ ಗಂಡನ ಪಾದ ಹಿಡಿದುಕೊಂಡು ಡಾಕ್ಟರನ್ನು ಕೇಳಿದಳು.

“ಮೂರು ಹಾಕ್ಬೇಕಿತ್ತಾ?”