ಹೆಣದ ಪಾತ್ರ

ಹೊಸದಾಗಿ ಶುದ್ಧಗೊಳಿಸಿದ ಹಳೆಯ ಪತ್ತೇದಾರಿ ಚಿತ್ರದ ಡಿಸ್ಕ್ ಮಾರಾಟಕ್ಕೆ ಹೋಗುವ ಮುನ್ನ ಅದರ ದೋಷಗಳನ್ನು ಬರೆದುಕೊಡುವುದು ವಾರಿಜಳ ಕೆಲಸ. ಚಿತ್ರದಲ್ಲಿ ಹೆಣವಾಗಿ ಮಲಗಿದ್ದವರು ಅವಳ ಅಪ್ಪ. ಆ ದೃಶ್ಯದ ಶೂಟಿಂಗ್ ಮುಗಿಸಿ ರೂಮಿಗೆ ಹೋದ ಮೇಲೆ ಎದೆನೋವಿನಿಂದ ತೀರಿಕೊಂಡರೆಂದು ನಿರ್ಮಾಪಕರು ಹೇಳಿದ್ದರು. ಅಮ್ಮ ನಂಬಿದ್ದಳು, ವಾರಿಜಳಿಗೆ ಅನುಮಾನವಿತ್ತು.

ಮಸುಕೆಲ್ಲ ಹೋಗಿ, ಈಗ ಅಪ್ಪನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು.

“ಅಮ್ಮಾ, ಎದೆ ಏರಿಳಿಯೋದು ಕಾಣ್ತಿದೆ. ದೋಷ ಅಂತ ಬರೀಬೇಕು.”

“ಬರಿ! ಹೆಣದ ಪಾರ್ಟೂ ನೆಟ್ಟಗೆ ಮಾಡ್ಲಿಲ್ಲ ನಿಮ್ಮಪ್ಪ,” ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ ಕಣ್ಣೊರೆಸಿಕೊಂಡು ನಕ್ಕಳು.

ವಾರಿಜ ಉಸಿರುಗಳನ್ನು ಎಣಿಸಿದಳು. ಹನ್ನೊಂದರ ನಂತರ ಎದೆ ಮತ್ತೆ ಏರಲಿಲ್ಲ. ಕ್ಯಾಮೆರಾ ಮಾತ್ರ ಎಲ್ಲೂ ನಿಲ್ಲದೆ ಇನ್ನೂ ಮೂರು ನಿಮಿಷ ಅವರನ್ನೇ ಸುತ್ತಿತು.

“ನೋಡೇ,” ಎಂದಳು ಅಮ್ಮ, “ಆಮೇಲೆ ಉಸಿರು ಹೇಗೆ ಬಿಗಿಹಿಡಿದಿದಾರೆ!”