ಎರವಲು ಬೆಳಕು

ಹಡಗಿನಲ್ಲಿ ಚಿನ್ನವಿದೆಯೆಂದು ಸುಳಿವು ಸಿಕ್ಕಿತ್ತು. ಕಸ್ಟಮ್ಸ್ ಅಧಿಕಾರಿ ಎಂಜಿನ್ ಕೋಣೆಗೆ ಇಳಿದದ್ದೇ ತಡ, ಅವರ ಟಾರ್ಚು ಕೈಕೊಟ್ಟಿತು.

"ನನ್ನದು ತಕೊಳ್ಳಿ ಸಾರ್," ಎಂದ ಹಡಗಿನ ಅಡುಗೆಯವನು. "ಬೆಳಕು ಒಳ್ಳೆದುಂಟು. ಸ್ವಲ್ಪ ಭಾರ ಮಾತ್ರ."

ಅಧಿಕಾರಿ ಅದನ್ನೇ ಹಿಡಿದು ಇಡೀ ಹಡಗು ಜಾಲಾಡಿದರು; ಅವನ ಅಕ್ಕಿ ಡಬ್ಬವನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ.

ಸಂಜೆ ಬಂದರಿನ ಗೇಟಿನಲ್ಲಿ ಕಾವಲಿನವರು ಅಡುಗೆಯವನ ಚಪ್ಪಲಿಯನ್ನೂ ಬಿಚ್ಚಿಸಿ ನೋಡಿದರು. ಹಿಂದೆಯೇ ಬಂದ ಅಧಿಕಾರಿಗೆ ಸೆಲ್ಯೂಟ್ ಹೊಡೆದರು.

ಗೇಟಿನಾಚೆ ಅಡುಗೆಯವನು ಅಧಿಕಾರಿಯ ಬಳಿಗೆ ಓಡಿದ. "ಸಾರ್, ನನ್ನ ಟಾರ್ಚು!"

"ಅಯ್ಯೋ, ನನ್ನ ಬ್ಯಾಗಿನಲ್ಲೇ ಉಳೀತು ಮಾರಾಯ! ತಗೋ. ದೊಡ್ಡ ಉಪಕಾರ ಆಯ್ತು."

"ಉಪಕಾರ ನಿಮ್ಮದು ಸಾರ್," ಎಂದು ರಿಕ್ಷಾ ಹತ್ತಿದ.

ಮುಂದಿನ ತಿರುವು ದಾಟಿದ ಮೇಲೆ ಟಾರ್ಚಿನ ಹಿಂದಿನ ಮುಚ್ಚಳ ತಿರುಪಿದ. ಎರಡು ಸೆಲ್ಲುಗಳ ಬೆನ್ನಿಗೇ ಚಿನ್ನದ ಬಿಸ್ಕತ್ತುಗಳು ಮಡಿಲಿಗೆ ಜಾರಿದವು.