ಮುಂದೆ ಸರಿದ ಸೀಟು

ಅಮೆರಿಕದ ಮನೆಯ ಗ್ಯಾರೇಜಿನಲ್ಲಿ ಹೊಸ ಕ್ಯಾಮ್ರಿ ಕಾರಿನೊಳಗೆ ಕೂರಲು ಹೋದ ಕೇಶವಮೂರ್ತಿಯ ಮಂಡಿ ಸ್ಟಿಯರಿಂಗಿಗೆ ಬಡಿಯಿತು. ಯಾರೋ ಸೀಟನ್ನು ಮುಂದಕ್ಕೆ ಎಳೆದಿದ್ದರು. "ಮಗಳಿಗೆ ಹಳೇ ಸೆಂಟ್ರಾ ಕಾರು ಮಾತ್ರ, ಇದನ್ನ ನಾನೊಬ್ಬನೇ ಓಡಿಸೋದು" ಎಂದು ಇನ್ಶೂರೆನ್ಸ್ ಏಜೆಂಟ್ ರತ್ನಾಕರರಿಗೆ ಅವರು ಆಗಷ್ಟೇ ಹೇಳಿ ಮುಗಿಸಿದ್ದರು.

"ಸೀಟು ತಾನಾಗಿ ನಡೆಯುದಿಲ್ಲ ಮಾರಾಯ್ರೆ," ರತ್ನಾಕರ ಬಗ್ಗಿ ನೋಡಿದರು. "ಸುಳ್ಳು ಬರೆಸಿದ್ರೆ ನಾಳೆ ಆಕ್ಸಿಡೆಂಟ್ ಆದಾಗ ಕ್ಲೇಮ್ ಸಿಗುದಿಲ್ಲ."

ಹೋದ ವಾರವಷ್ಟೇ ಲೈಸೆನ್ಸ್ ಪಡೆದ ಮಗಳು ಶ್ರಾವಣಿಯನ್ನು ಕೇಶವಮೂರ್ತಿ ಗ್ಯಾರೇಜಿಗೆ ಕೂಗಿದರು. "ಲೈಸೆನ್ಸ್ ಬಂತು, ರೆಕ್ಕೆನೂ ಬಂತಾ? ಕದ್ದು ಓಡಿಸ್ತೀಯಾ? ಸೆಂಟ್ರಾ ಕೀನೂ ಕೊಡು. ಇನ್ನು ನಿನಗೆ ಸ್ಕೂಲ್ ಬಸ್ಸೇ ಗತಿ."

"ನಾಟ್ ಮೀ, ಅಪ್ಪ."

"ಮತ್ತೆ ಭೂತ ಓಡಿಸ್ತಾ?"

ಅಪ್ಪನಿಗಿಂತ ಒಂದು ಗೇಣು ಎತ್ತರವಿದ್ದ ಮಗಳು ಅದೇ ಸೀಟಿಗೆ ತೂರಿಕೊಂಡಳು. ಮಂಡಿ ಗಲ್ಲದ ಹತ್ತಿರ ಬಂದು, ಕಾಲಿಡಲು ಜಾಗವೇ ಇಲ್ಲದೆ ಅವಳು ಮುದುಡಿ ಕೂತಳು. ರತ್ನಾಕರ ಕೆಮ್ಮಿದರು. ಕೇಶವಮೂರ್ತಿಯ ಅನುಮಾನ ಹೋಗಲಿಲ್ಲ, ಆದರೆ ಯಾರ ಮೇಲೆ ಹೊರಿಸುವುದೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಕಾಫಿ ತಂದ ನೀರಜಾ ಟ್ರೇಯನ್ನು ಗಂಡನ ಕೈಗಿಟ್ಟು, ಮಗಳನ್ನು ಎಬ್ಬಿಸಿ ತಾನು ಕೂತಳು. ಸೀಟು ಅಳತೆ ತೆಗೆದು ಹೊಲಿಸಿದ ಹಾಗಿತ್ತು.

"ಪಕ್ಕದ್ಮನೆ ಸರೋಜಿನಿ ಕಲಿಸಿದ್ರು. ಲೈಸೆನ್ಸೂ ಬಂತು. ನನ್ನ ಹೆಸರೂ ಬರ್ಕೊಳ್ಳಿ, ರತ್ನಾಕರ ಅವರೇ."

"ನಿನಗೆ ಡ್ರೈವಿಂಗ್ ಅಂದ್ರೆ ಭಯ ಅಲ್ವೇನೇ?" ಎಂದರು ಕೇಶವಮೂರ್ತಿ.

ನೀರಜಾ ಕನ್ನಡಿ ಸರಿಮಾಡಿಕೊಂಡಳು. "ಡ್ರೈವಿಂಗ್‌ಗಲ್ಲ ರೀ. ನೀವು ಪಕ್ಕದಲ್ಲಿ ಕೂತು ಕಲಿಸ್ತೀರಲ್ಲ, ಅದಕ್ಕೆ ಭಯ."